ಸ್ಟಾಫ್ ರೂಮಿನ ಹೊಸ್ತಿಲು

ವಿದ್ಯಾರ್ಥಿಗಳು ಸ್ಟಾಫ್ ರೂಮಿಗೆ ಬರುವುದು ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳಲು, ಹಾಜರಾತಿ ಕಡಿಮೆ ಬಿದ್ದಿದ್ದರೆ ಡಾಕ್ಟರ ಚೀಟಿ ಕೊಡಲು, ಇಂಟರ್ನಲ್ಸ್ ಪೇಪರಿನಲ್ಲಿ ಒಂದು ಅಂಕ ಕೂಡುವುದು ಬಿಟ್ಟುಹೋಗಿದೆ ಎಂದು ತೋರಿಸಲು, ಸ್ಕಾಲರ್‌ಶಿಪ್ ಅರ್ಜಿಗೆ ಸೀಲು ಒತ್ತಿಸಿಕೊಳ್ಳಲು. ಪಾಠದಲ್ಲಿ ತಿಳಿಯದ್ದನ್ನು ಕೇಳಲು ಬರುವವರು ಬಹಳ ಕಡಿಮೆ. ಹಾಗೆ ಬರುವ ಕೆಲವರೂ ಸಾಮಾನ್ಯವಾಗಿ ತರಗತಿಗೇ ಮೊದಲಿಗರಾದವರೇ ಆಗಿರುತ್ತಾರೆ. ನಾನು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಬಿಎಸ್‌ಸಿ ಓದುವ ಮಕ್ಕಳಿಗೆ ನಾವು ಕೊಡುತ್ತಿರುವ ನೆರವು ಸಾಕಷ್ಟಿದೆ ಎಂದು ನಾನು ಹೇಳಲಾರೆ. ಆದರೆ ಇರುವಷ್ಟಾದರೂ ಬಳಕೆಯಾಗುತ್ತಿಲ್ಲ; ಯಾರಿಗೆ ಅದು ಹೆಚ್ಚು ಬೇಕೋ ಅವರೇ ಅದರಿಂದ ದೂರ ನಿಲ್ಲುತ್ತಾರೆ. ಈ ಸಂಗತಿ ನನ್ನನ್ನು ವರ್ಷಗಳಿಂದ ಕಾಡುತ್ತಿದೆ.

ಅವರು ಬಂದ ದಾರಿಯನ್ನೊಮ್ಮೆ ನೋಡಬೇಕು. ನಮ್ಮಲ್ಲಿಗೆ ಬರುವವರಲ್ಲಿ ಬಹಳ ಮಂದಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದವರು. ಪಿಯುಸಿಯಲ್ಲಿ ಒಂದೇ ಸಲಕ್ಕೆ ಎಲ್ಲವೂ ಇಂಗ್ಲಿಷಾಗುತ್ತದೆ. ಆ ಎರಡು ವರ್ಷ ಟ್ಯೂಷನ್ನು, ಗೈಡು, 'ಇಂಪಾರ್ಟೆಂಟ್ ಪ್ರಶ್ನೆ'ಗಳ ಆಸರೆಯಲ್ಲಿ ಹೇಗೋ ದಾಟುತ್ತಾರೆ. ಡಿಗ್ರಿಗೆ ಬಂದಾಗ ಟ್ಯೂಷನ್ ನಿಂತುಹೋಗುತ್ತದೆ, ಏಕೆಂದರೆ ಮನೆಯವರ ಲೆಕ್ಕದಲ್ಲಿ ಸಿಇಟಿ, ನೀಟ್ ಮುಗಿದ ಮೇಲೆ ಅದಕ್ಕೆ ದುಡ್ಡು ಹಾಕುವ ಕಾರಣವಿಲ್ಲ. ಅದೇ ಹೊತ್ತಿಗೆ ಪಾಠದ ಕಾಠಿಣ್ಯ ಏರುತ್ತದೆ. ಗಣಿತದಲ್ಲಿ ಎಪ್ಸಿಲಾನ್-ಡೆಲ್ಟಾ ಬರುತ್ತದೆ, ಭೌತಶಾಸ್ತ್ರದಲ್ಲಿ ಕತ್ತಲ ಕೋಣೆಯಲ್ಲಿ ಸ್ಪೆಕ್ಟ್ರೋಮೀಟರ್ ಹೊಂದಿಸಬೇಕು, ನನ್ನ ವಿಷಯದಲ್ಲಿ ಕ್ವಾಂಟಂ ಸಂಖ್ಯೆಗಳು. ಬೆಳಿಗ್ಗೆ ಥಿಯರಿ, ಮಧ್ಯಾಹ್ನ ಪ್ರಾಕ್ಟಿಕಲ್ಲು, ಸಂಜೆ ಊರಿನ ಬಸ್ಸು. ಈ ಓಟದಲ್ಲಿ ಮೊದಲ ತಿಂಗಳು ತಿಳಿಯದೆ ಉಳಿದದ್ದು ಮೂರನೆಯ ತಿಂಗಳ ಪಾಠವನ್ನೂ ಮುಚ್ಚಿಹಾಕುತ್ತದೆ. ಆಮೇಲೆ ಏನು ತಿಳಿಯಲಿಲ್ಲ ಎಂದು ಹೇಳುವುದಕ್ಕೂ ಆಗದಂಥ ಸ್ಥಿತಿ ಬರುತ್ತದೆ.

ವ್ಯವಸ್ಥೆಗಳೇನೋ ಇವೆ. ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಯುಜಿಸಿ ಪರಿಹಾರ ಬೋಧನೆಗೆಂದೇ ಅನುದಾನ ಕೊಡುತ್ತಿತ್ತು. ನ್ಯಾಕ್ ಮೌಲ್ಯಮಾಪನಕ್ಕಾಗಿ ಪ್ರತಿ ಕಾಲೇಜೂ ಮೆಂಟರ್-ಮೆಂಟೀ ಪಟ್ಟಿ ಮಾಡುತ್ತದೆ. ಒಬ್ಬೊಬ್ಬ ಅಧ್ಯಾಪಕರಿಗೆ ಇಷ್ಟಿಷ್ಟು ಮಕ್ಕಳು, ಅವರಿಗೊಂದು ಡೈರಿ. ಲೈಬ್ರರಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗಾಗಿ ಬುಕ್ ಬ್ಯಾಂಕ್ ಇದೆ. ಟೈಮ್ ಟೇಬಲಿನ ಕೊನೆಯಲ್ಲಿ ರೆಮಿಡಿಯಲ್ ಕ್ಲಾಸೂ ಇರುತ್ತದೆ. ಆದರೆ ಆ ಕ್ಲಾಸು ನಾಲ್ಕು ಗಂಟೆಗೆ ಶುರುವಾದರೆ ಹಳ್ಳಿಯ ಬಸ್ಸು ನಾಲ್ಕೂಕಾಲಿಗೆ ಹೊರಡುತ್ತದೆ. ಬಸ್ಸು ತಪ್ಪಿದರೆ ಹೆಣ್ಣುಮಕ್ಕಳ ಮನೆಯಲ್ಲಿ ಎಂಥ ಮಾತು ಏಳುತ್ತದೆ ಎಂಬುದು ನನಗೆ ಗೊತ್ತು. ಬಸ್ಸಿನ ತೊಂದರೆ ಇಲ್ಲದವರೂ ಬರುವುದಿಲ್ಲ. ಇಂಟರ್ನಲ್ಸ್‌ನಲ್ಲಿ ಕಡಿಮೆ ಅಂಕ ಬಂದವರ ಪಟ್ಟಿ ಮಾಡಿ ನೋಟಿಸ್ ಬೋರ್ಡಿನಲ್ಲಿ ಹೆಸರು ಹಾಕಿ ಕರೆದರೆ ಯಾರು ಬರುತ್ತಾರೆ? ಹತ್ತನೆಯ ತರಗತಿಯವರೆಗೆ ತಮ್ಮ ಊರಿನ ಶಾಲೆಗೇ ಮೊದಲಿಗರಾಗಿದ್ದ ಮಕ್ಕಳು ಅವರು. ಹಾಗೆ ಪಟ್ಟಿ ಹಾಕುವುದು ತಪ್ಪು ಎಂದು ನಾನು ವಿಭಾಗದ ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇನೆ.

ನೆರವು ಅಂದರೆ ಏನೆಂದು ನನಗೆ ಸ್ಪಷ್ಟವಾದದ್ದು ಸ್ಟಾಫ್ ರೂಮಿನೊಳಗಲ್ಲ, ಲ್ಯಾಬಿನಲ್ಲಿ.

ಮೊದಲ ವರ್ಷದವರಿಗೆ ಪೊಟ್ಯಾಸಿಯಂ ಪರ್ಮಾಂಗನೇಟಿನ ಟೈಟ್ರೇಶನ್ ಇರುತ್ತದೆ. ಆಕ್ಸಾಲಿಕ್ ಆಮ್ಲದ ದ್ರಾವಣವನ್ನು ಕೋನಿಕಲ್ ಫ್ಲಾಸ್ಕಿಗೆ ಪಿಪೆಟ್ ಮಾಡಿಕೊಂಡು, ದುರ್ಬಲ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಬಿಸಿ ಮಾಡಿ, ಬ್ಯೂರೆಟ್ಟಿನಿಂದ ಪರ್ಮಾಂಗನೇಟನ್ನು ಹನಿಹನಿಯಾಗಿ ಬಿಡಬೇಕು. ಬೇರೆ ಇಂಡಿಕೇಟರ್ ಬೇಕಿಲ್ಲ. ಪರ್ಮಾಂಗನೇಟಿನ ಬಣ್ಣವೇ ಸೂಚಕ. ತಿಳಿ ಗುಲಾಬಿ ಬಣ್ಣ ಮಾಸದೆ ನಿಂತರೆ ಅದೇ ಎಂಡ್ ಪಾಯಿಂಟ್. ಮ್ಯಾನ್ಯುಯಲ್‌ನಲ್ಲಿ ಇಷ್ಟು ಬರೆದಿರುತ್ತದೆ, ಮಕ್ಕಳು ಇಷ್ಟನ್ನು ರೆಕಾರ್ಡಿಗೆ ಇಳಿಸಿಕೊಳ್ಳುತ್ತಾರೆ.

ಒಂದು ಬ್ಯಾಚಿನಲ್ಲಿ ಒಬ್ಬ ಹುಡುಗಿ ಬ್ಯೂರೆಟ್ಟಿನ ಮುಂದೆ ಸುಮ್ಮನೆ ನಿಂತುಬಿಟ್ಟಿದ್ದಳು. ಮೊದಲ ಹನಿ ಬಿಟ್ಟ ಕೂಡಲೇ ದ್ರಾವಣ ಗುಲಾಬಿಯಾಗಿ ಹಾಗೇ ಉಳಿದಿತ್ತು. ಎಂಡ್ ಪಾಯಿಂಟ್ ಆಗಲೇ ಬಂತೇನೋ, ತನ್ನ ಪಿಪೆಟ್ಟಿನಲ್ಲೇ ಏನೋ ತಪ್ಪಾಗಿದೆಯೇನೋ ಎಂದು ಅವಳ ಮುಖ ಬಾಡಿತ್ತು. ನಮ್ಮ ಲ್ಯಾಬಿನ ಅಟೆಂಡರ್, ಮಕ್ಕಳೆಲ್ಲ ಅಣ್ಣ ಎಂದು ಕರೆಯುವವರು, ಪಕ್ಕದಲ್ಲಿ ಬಾಟಲಿಗೆ ಲೇಬಲ್ ಅಂಟಿಸುತ್ತಿದ್ದರು. "ತಡಿಯವ್ವಾ, ಅಲ್ಲಾಡಿಸ್ತಾ ಇರು. ಮೊದಲನೇ ಹನಿ ಹಂಗೇ, ನಿಧಾನ. ಆಮೇಲೆ ತಾನೇ ಓಡ್ತದೆ" ಅಂದರು. ಅವಳು ಫ್ಲಾಸ್ಕನ್ನು ಅಲ್ಲಾಡಿಸಿದಳು; ಬಣ್ಣ ಮೆಲ್ಲಗೆ ಹೋಯಿತು. ಮುಂದಿನ ಹನಿಗಳು ಬಿದ್ದ ಕ್ಷಣವೇ ಮಾಯವಾಗತೊಡಗಿದವು. ಅಣ್ಣ ಇನ್ನೂ ಒಂದು ಮಾತು ಹೇಳಿದರು. ಪರ್ಮಾಂಗನೇಟು ಕಡು ಬಣ್ಣದ್ದು, ಬ್ಯೂರೆಟ್ಟಿನಲ್ಲಿ ಅದರ ಕೆಳಗಿನ ಬಾಗು ಕಾಣುವುದಿಲ್ಲ, ಆದ್ದರಿಂದ ಮೇಲಂಚನ್ನೇ ಓದಬೇಕು, ಮೊದಲ ರೀಡಿಂಗೂ ಕೊನೆಯದೂ ಎರಡೂ ಹಾಗೇ ಇರಬೇಕು. ಇದು ಸರಿಯಾದ ಮಾತು. ನಾನದನ್ನು ತರಗತಿಯಲ್ಲಿ ಹೇಳಿರುತ್ತೇನೆ, ಆದರೆ ಕೈಯಲ್ಲಿ ಬ್ಯೂರೆಟ್ ಇದ್ದಾಗ ಕಿವಿಗೆ ಬೀಳುವ ಮಾತು ಬೇರೆ ಥರ ನಿಲ್ಲುತ್ತದೆ.

ಆ ಹುಡುಗಿ ಪ್ರಾಕ್ಟಿಕಲ್ಲು ಮುಗಿದ ಮೇಲೆ ನನ್ನ ಹತ್ತಿರ ಬಂದಳು. ರೆಕಾರ್ಡ್ ತಂದಿರಲಿಲ್ಲ. "ಮೇಡಂ, ಮೊದಲನೇ ಹನಿ ಯಾಕೆ ನಿಧಾನ? ಆಸಿಡ್ಡೂ ಅಷ್ಟೇ ಇದೆ, ಬಿಸಿನೂ ಅಷ್ಟೇ ಇದೆ. ಹೋಗ್ತಾ ಹೋಗ್ತಾ ಆಕ್ಸಾಲಿಕ್ ಆಸಿಡ್ ಕಮ್ಮಿ ಆಗಬೇಕಲ್ವಾ, ಹಂಗಾದ್ರೆ ರಿಯಾಕ್ಷನ್ ಇನ್ನೂ ನಿಧಾನ ಆಗಬೇಕಿತ್ತು, ಜೋರಾಯ್ತು ಯಾಕೆ?"

ಈ ಪ್ರಶ್ನೆಯ ಬೆಲೆ ಅವಳಿಗೆ ತಿಳಿದಿರಲಿಲ್ಲ. ನಾನು ಉತ್ತರ ಹೇಳಲಿಲ್ಲ. ಸಾಲ್ಟ್ ಅನಾಲಿಸಿಸ್ ಕಪಾಟಿನಿಂದ ಮ್ಯಾಂಗನೀಸ್ ಸಲ್ಫೇಟಿನ ಬಾಟಲಿ ತೆಗೆದುಕೊಟ್ಟೆ. ಎರಡು ಫ್ಲಾಸ್ಕಿನಲ್ಲಿ ಒಂದೇ ಅಳತೆಯ ದ್ರಾವಣ ತೆಗೆದುಕೋ, ಒಂದಕ್ಕೆ ಇದನ್ನು ಚಿಟಿಕೆ ಹಾಕು, ಇನ್ನೊಂದಕ್ಕೆ ಹಾಕಬೇಡ, ಎರಡಕ್ಕೂ ಒಂದೊಂದು ಹನಿ ಬಿಡು ಅಂದೆ. ಸಲ್ಫೇಟ್ ಹಾಕಿದ ಫ್ಲಾಸ್ಕಿನಲ್ಲಿ ಮೊದಲ ಹನಿಯೂ ತಡಮಾಡದೆ ಬಣ್ಣ ಕಳೆದುಕೊಂಡಿತು. ಇನ್ನೊಂದರಲ್ಲಿ ಗುಲಾಬಿ ಹಾಗೇ ನಿಂತಿತ್ತು. ಪರ್ಮಾಂಗನೇಟು ಕ್ರಿಯೆ ನಡೆಸಿದಾಗ ಉಳಿಯುವುದು ಏನು ಎಂದು ಕೇಳಿದೆ. ಸಮೀಕರಣ ಬರೆದಳು, ಮ್ಯಾಂಗನೀಸ್ ಅಯಾನು ಎಂದಳು. ಒಂದು ಗಳಿಗೆ ಸುಮ್ಮನಿದ್ದು, "ಅಂದ್ರೆ ಅದು ತನ್ನ ಕೆಟಲಿಸ್ಟನ್ನ ತಾನೇ ಮಾಡ್ಕೊಳ್ತಾ?" ಅಂದಳು. ಸ್ವಯಂವೇಗವರ್ಧನೆ ಎಂಬುದು ಮುಂದಿನ ಸೆಮಿಸ್ಟರಿನ ಪಾಠ. ಅವಳು ಅದನ್ನು ಮೊದಲೇ ಕಂಡುಕೊಂಡುಬಿಟ್ಟಿದ್ದಳು. ಮರುದಿನ ಇನ್ನೊಂದು ಪ್ರಶ್ನೆ ತಂದಳು: ಹೈಡ್ರೋಕ್ಲೋರಿಕ್ ಆಮ್ಲ ಯಾಕೆ ಹಾಕಬಾರದು? ಪರ್ಮಾಂಗನೇಟು ಕ್ಲೋರೈಡನ್ನೂ ಉತ್ಕರ್ಷಿಸಿ ಕ್ಲೋರಿನ್ ಮಾಡುತ್ತದೆ, ಆಗ ಲೆಕ್ಕ ಕೆಡುತ್ತದೆ. ನೈಟ್ರಿಕ್ ಆಮ್ಲ ಹಾಕಿದರೆ ಅದೇ ಉತ್ಕರ್ಷಣಕಾರಿಯಾಗಿ ಮಧ್ಯೆ ಬರುತ್ತದೆ. ಹೀಗೆ ಒಂದು ಟೈಟ್ರೇಶನ್ನಿನಿಂದ ಅವಳಿಗೆ ಸಿಕ್ಕಿದ್ದು ಇಡೀ ಒಂದು ಅಧ್ಯಾಯ. ಅವಳಿಗೆ ಇಂಟರ್ನಲ್ಸ್‌ನಲ್ಲಿ ಬರುತ್ತಿದ್ದ ಅಂಕ ಸಾಧಾರಣವೇ. ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ಅವಳ ಹೆಸರೂ ಇತ್ತು.

ಅಟೆಂಡರ್ ಹೇಳಿದ ಒಂದು ಮಾತು ಆಗ ಆ ಜಾಗದಲ್ಲಿ ಸಿಗದೆ ಹೋಗಿದ್ದರೆ ಅವಳು ರೀಡಿಂಗನ್ನು ಪಕ್ಕದವರಿಂದ ನೋಡಿ ಬರೆದುಕೊಂಡು ಮನೆಗೆ ಹೋಗುತ್ತಿದ್ದಳು. ಆದ್ದರಿಂದ ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಲ್ಯಾಬಿನಲ್ಲಿ ಇರುವ ಎಲ್ಲರನ್ನೂ ಕೇಳಿ. ಅಟೆಂಡರನ್ನು ಕೇಳಿ, ಹಿರಿಯ ವಿದ್ಯಾರ್ಥಿಗಳನ್ನು ಕೇಳಿ. ಭೌತಶಾಸ್ತ್ರದ ಲ್ಯಾಬಿನಲ್ಲಿ ನ್ಯೂಟನ್ಸ್ ರಿಂಗ್ಸ್ ಮಾಡುವಾಗ ಮೈಕ್ರೋಸ್ಕೋಪಿನ ತಿರುಪನ್ನು ಒಂದೇ ದಿಕ್ಕಿನಲ್ಲಿ ತಿರುಗಿಸುತ್ತ ಬರಬೇಕು, ಹಿಂದೆ ಮುಂದೆ ಮಾಡಿದರೆ ಬ್ಯಾಕ್‌ಲ್ಯಾಶ್ ದೋಷ ಬರುತ್ತದೆ ಎಂಬುದನ್ನು ಬಹಳ ಮಕ್ಕಳು ಕಲಿಯುವುದು ಪುಸ್ತಕದಿಂದಲ್ಲ, ಮೂರನೆಯ ವರ್ಷದ ಯಾವನೋ ಅಣ್ಣನಿಂದ.

ಕೇಳುವುದನ್ನೂ ಕಲಿಯಬೇಕಾಗುತ್ತದೆ. ಇದನ್ನು ಯಾವ ಸಿಲಬಸ್ಸಿನಲ್ಲೂ ಇಟ್ಟಿಲ್ಲ. "ಮೇಡಂ, ಈ ಚಾಪ್ಟರ್ ಏನೂ ಅರ್ಥ ಆಗಿಲ್ಲ" ಎಂದು ಬಂದರೆ ನಾನು ಪಾಠವನ್ನು ಮೊದಲಿನಿಂದ ಹೇಳಬೇಕಾಗುತ್ತದೆ, ಮೊದಲ ಸಲ ತಿಳಿಯದ್ದು ಎರಡನೆಯ ಸಲವೂ ಅದೇ ಜಾಗದಲ್ಲಿ ಜಾರುತ್ತದೆ. ಬರೆದ ಹಾಳೆಯನ್ನು ತಂದರೆ ಮಾತು ಬೇರೆಯಾಗುತ್ತದೆ. ಲೆಕ್ಕ ಅರ್ಧಕ್ಕೆ ನಿಂತಿರಲಿ, ತಪ್ಪೇ ಆಗಿರಲಿ, ಪೆನ್ನು ಎಲ್ಲಿ ನಿಂತಿತೋ ಅಲ್ಲಿ ಬೆರಳಿಟ್ಟು "ಈ ಸಾಲಿಂದ ಈ ಸಾಲಿಗೆ ಹೆಂಗೆ ಬಂತು?" ಎಂದರೆ ಸಾಕು. ಐದು ನಿಮಿಷದಲ್ಲಿ ಆಗುವ ಕೆಲಸ ಅದು. ಹಾಳೆ ನೋಡಿದಾಗ ನನಗೆ ಇನ್ನೊಂದು ಸಂಗತಿ ತಿಳಿಯುತ್ತದೆ. ಎಷ್ಟೋ ಸಲ ತೊಡಕು ಅವರು ಕೇಳಿದ ಜಾಗದಲ್ಲಿ ಇರುವುದಿಲ್ಲ, ನಾಲ್ಕು ಸಾಲು ಮೇಲೆ ಇರುತ್ತದೆ. ಬಫರ್ ದ್ರಾವಣದ ಪಿಎಚ್ ಲೆಕ್ಕ ಬರುತ್ತಿಲ್ಲ ಎಂದು ಬಂದವನಿಗೆ ಬಫರ್ ಚೆನ್ನಾಗಿಯೇ ತಿಳಿದಿರುತ್ತದೆ. ಲಾಗರಿದಮ್ಮಿನಲ್ಲಿ ಭಾಗಾಕಾರ ಬಂದರೆ ಕಳೆಯಬೇಕು ಎಂಬುದು ಮರೆತಿರುತ್ತದೆ. ಅದನ್ನು ಹುಡುಕಿಕೊಡಲು ಎದುರಿಗೆ ಹಾಳೆ ಬೇಕು. ಈಗ ಮಕ್ಕಳು ಮೊಬೈಲಿಗೆ ಪ್ರಶ್ನೆ ಹಾಕಿ ಪೂರ್ತಿ ಉತ್ತರ ತೆಗೆಯುತ್ತಾರೆ. ನಾನು ಬೇಡ ಅನ್ನುವುದಿಲ್ಲ, ರಾತ್ರಿ ಹತ್ತು ಗಂಟೆಗೆ ಹಾಸ್ಟೆಲಿನಲ್ಲಿ ಬೇರೆ ಯಾರು ಸಿಗುತ್ತಾರೆ? ಆದರೆ ಪೂರ್ತಿ ಬಿಡಿಸಿದ ಲೆಕ್ಕವನ್ನು ನೋಡಿ ತಲೆಯಾಡಿಸುವುದಕ್ಕೂ ತಾನು ಮಾಡಿದ ಅರ್ಧ ಲೆಕ್ಕವನ್ನು ಇನ್ನೊಬ್ಬರ ಮುಂದೆ ಇಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಮತ್ತೆ, ಕನ್ನಡದಲ್ಲಿ ಕೇಳಿ. ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುವಷ್ಟರಲ್ಲಿ ಸಂದೇಹವೇ ಕಳೆದುಹೋಗುತ್ತದೆ. ಪರೀಕ್ಷೆ ಇಂಗ್ಲಿಷಿನಲ್ಲಿ ಬರೆಯಬೇಕು, ನಿಜ. ಆದರೆ ತಿಳಿದುಕೊಳ್ಳುವ ಕೆಲಸ ಯಾವ ಭಾಷೆಯಲ್ಲಿ ಆದರೂ ಅದು ತಿಳಿದದ್ದೇ. ನಮ್ಮಲ್ಲಿ ಇದಕ್ಕೆ ಹಳೆಯ ಬೆಂಬಲವಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 1918ರಷ್ಟು ಹಿಂದೆಯೇ 'ವಿಜ್ಞಾನ' ಎಂಬ ಕನ್ನಡ ಪತ್ರಿಕೆ ಹೊರಡಿಸಿದರು. ಎಪ್ಸಿಲಾನನ್ನು ಯಾರು ಮೊದಲು ಕೊಡುತ್ತಾರೆ, ಡೆಲ್ಟಾವನ್ನು ಯಾರು ಹುಡುಕಬೇಕು ಎಂಬುದನ್ನು ನಮ್ಮ ಗಣಿತದ ಮೇಡಂ ಇಬ್ಬರು ಹುಡುಗರನ್ನು ನಿಲ್ಲಿಸಿ ಕನ್ನಡದಲ್ಲೇ ಜಗಳ ಆಡಿಸಿ ಕಲಿಸುತ್ತಾರೆ. ಆ ಪಾಠವನ್ನು ಮಕ್ಕಳು ಮರೆಯುವುದಿಲ್ಲ.

ನೆರವು ಕೇಳಲು ಹಿಂಜರಿಯುವುದು ನಮ್ಮ ಹಳ್ಳಿಯ ಮಕ್ಕಳ ಸ್ವಭಾವ ಎಂದು ಕೆಲವರು ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ, ಒಪ್ಪದಿರಲು ಅಮೆರಿಕದ ಒಂದು ಅಧ್ಯಯನ ನನಗೆ ಬಲ ಕೊಟ್ಟಿದೆ. 1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಉರಿ ಟ್ರೈಸ್ಮನ್ ಎಂಬ ಸಂಶೋಧನಾ ವಿದ್ಯಾರ್ಥಿ ಒಂದು ಪ್ರಶ್ನೆಯ ಬೆನ್ನು ಹತ್ತಿದರು: ಮೊದಲ ವರ್ಷದ ಕಲನಶಾಸ್ತ್ರದಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ಅಷ್ಟೊಂದು ಸಂಖ್ಯೆಯಲ್ಲಿ ಏಕೆ ಫೇಲಾಗುತ್ತಾರೆ? ಅಧ್ಯಾಪಕರನ್ನು ಕೇಳಿದರೆ ಆಸಕ್ತಿ ಸಾಲದು, ತಳಪಾಯ ಸಾಲದು, ಮನೆಯವರ ಒತ್ತಾಸೆ ಇಲ್ಲ, ಬಡತನ ಎಂಬ ಉತ್ತರಗಳು ಬಂದವು. ಅವರು ಅಷ್ಟಕ್ಕೇ ನಿಲ್ಲದೆ ಇಪ್ಪತ್ತು ಕಪ್ಪು ವಿದ್ಯಾರ್ಥಿಗಳನ್ನೂ ಇಪ್ಪತ್ತು ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಅವರು ಓದುವ ಜಾಗಕ್ಕೇ ಹೋಗಿ ನೋಡಿದರು. ಅಧ್ಯಾಪಕರು ಹೇಳಿದ ಕಾರಣ ಒಂದೂ ನಿಲ್ಲಲಿಲ್ಲ. ಕಪ್ಪು ವಿದ್ಯಾರ್ಥಿಗಳು ಶ್ರದ್ಧೆಯಿಂದ ಓದುತ್ತಿದ್ದರು, ಹೇಳಿದಷ್ಟು ಹೊತ್ತು ತಪ್ಪದೆ ಕೂರುತ್ತಿದ್ದರು, ಆದರೆ ಒಬ್ಬೊಬ್ಬರೇ. ಓದೂ ಗೆಳೆತನವೂ ಅವರಿಗೆ ಬೇರೆ ಬೇರೆ. ಚೀನೀ ಮೂಲದವರು ಒಬ್ಬರೇ ಕೂತು ಲೆಕ್ಕ ಮಾಡಿದ ಮೇಲೆ ಸಂಜೆ ಊಟಕ್ಕೆ ಸೇರಿ ಉತ್ತರ ತಾಳೆ ನೋಡುತ್ತಿದ್ದರು, ಒಬ್ಬರ ತಪ್ಪು ಒಬ್ಬರು ತಿದ್ದುತ್ತಿದ್ದರು, ಯಾವ ಲೆಕ್ಕ ಎಲ್ಲರಿಗೂ ಕೈಕೊಟ್ಟಿದೆ ಎಂದು ತಿಳಿದುಕೊಳ್ಳುತ್ತಿದ್ದರು. ತನಗೆ ಬಾರದ ಲೆಕ್ಕ ಬೇರೆಯವರಿಗೂ ಬಂದಿಲ್ಲ ಎಂದು ಗೊತ್ತಾದವನು ಗಾಬರಿ ಬೀಳುವುದಿಲ್ಲ. ಒಬ್ಬನೇ ಕೂತವನು ತನ್ನಲ್ಲೇ ಕೊರತೆ ಇದೆ ಎಂದುಕೊಳ್ಳುತ್ತಾನೆ.

ಆ ವಿಶ್ವವಿದ್ಯಾಲಯದಲ್ಲಿ ಹಿಂದುಳಿದವರಿಗೆಂದು ನೆರವಿನ ಏರ್ಪಾಡುಗಳು ಇರಲಿಲ್ಲವೆಂದಲ್ಲ. ತಮ್ಮ ಶಾಲೆಗಳಲ್ಲಿ ಮೊದಲಿಗರಾಗಿ ಬಂದ ಆ ಮಕ್ಕಳು ಅವುಗಳ ಹತ್ತಿರ ಸುಳಿಯುತ್ತಿರಲಿಲ್ಲ. ಆದ್ದರಿಂದ ಟ್ರೈಸ್ಮನ್ ಏರ್ಪಡಿಸಿದ ಕಾರ್ಯಾಗಾರದಲ್ಲಿ ಸುಲಭದ ಮರುಪಾಠ ಇರಲಿಲ್ಲ. ತರಗತಿಯಲ್ಲಿ ಕೊಟ್ಟದ್ದಕ್ಕಿಂತ ಕಷ್ಟದ ಲೆಕ್ಕಗಳನ್ನು ಗುಂಪಿನಲ್ಲಿ ಕೂತು ಬಿಡಿಸಬೇಕಿತ್ತು. ಅಲ್ಲಿಗೆ ಹೋದವರ ಫಲಿತಾಂಶ ಬಹಳ ಸುಧಾರಿಸಿತು. 1985ರಲ್ಲಿ ಅವರು ಇದನ್ನೇ ಪಿಎಚ್‌ಡಿ ಪ್ರಬಂಧವಾಗಿ ಬರೆದರು, ಮುಂದೆ ಅನೇಕ ಕಾಲೇಜುಗಳು ಆ ಮಾದರಿಯನ್ನು ಎತ್ತಿಕೊಂಡವು. ಇದನ್ನು ಓದಿದ ಮೇಲೆ ನಮ್ಮ ನೋಟಿಸ್ ಬೋರ್ಡಿನ ಪಟ್ಟಿಯ ಬಗ್ಗೆ ನನಗೆ ಉಳಿದಿದ್ದ ಅನುಮಾನವೂ ಹೋಯಿತು. ಸೋತವರನ್ನು ಮಾತ್ರ ಕರೆಯಬಾರದು. ಎಲ್ಲರನ್ನೂ ಕರೆಯಬೇಕು, ಕರೆದು ಗಟ್ಟಿಯಾದ ಪ್ರಶ್ನೆಯನ್ನೇ ಮುಂದಿಡಬೇಕು.

ನಮ್ಮ ಹಿಂದುಳಿದ ವರ್ಗಗಳ ಹಾಸ್ಟೆಲಿನಲ್ಲಿ ಮಕ್ಕಳು ಒಂದೇ ಕೋಣೆಯಲ್ಲಿ ಇರುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ, ಓದಲು ಮಾತ್ರ ಗೋಡೆಗೆ ಮುಖ ಮಾಡಿ ಗಟ್ಟಿಯಾಗಿ ಬಾಯಿಪಾಠ ಒಪ್ಪಿಸಿಕೊಳ್ಳುತ್ತಾರೆ. ಅವರಿಗೆ ನಾನು ಹೇಳುವುದು: ಮೊದಲು ಒಬ್ಬೊಬ್ಬರೇ ಲೆಕ್ಕ ಮಾಡಿ, ಆಮೇಲೆ ನಾಲ್ಕು ಜನ ಕೂಡಿ. ಮೊದಲಿನದನ್ನು ಬಿಟ್ಟು ಬರೀ ಕೂಡಿದರೆ ಒಬ್ಬ ಮಾಡಿದ್ದನ್ನು ಮೂವರು ನಕಲು ಮಾಡುವುದಾಗುತ್ತದೆ. ಕೂಡಿದಾಗ ಬಂದವನು ಬಾರದವನಿಗೆ ಹೇಳಿಕೊಡಲಿ. ಹೇಳಿಕೊಡುವಾಗ ತಡವರಿಸಿದ ಜಾಗವನ್ನು ಗುರುತು ಹಾಕಿಕೊಳ್ಳಲಿ. ನಾಲ್ವರಿಗೂ ಬಾರದ್ದನ್ನು ನಮ್ಮ ಹತ್ತಿರ ತನ್ನಿ. ಹೀಗೆ ತಂದ ಪ್ರಶ್ನೆಗಳೇ ನನಗೆ ಸಿಕ್ಕಿರುವ ಒಳ್ಳೆಯ ಪ್ರಶ್ನೆಗಳು. ನ್ಯೂಟನ್ಸ್ ರಿಂಗ್ಸ್‌ನಲ್ಲಿ ನಡುವಿನ ಬಿಂದುವಿನ ಹತ್ತಿರ ಗಾಳಿಯ ಪದರದ ದಪ್ಪ ಸೊನ್ನೆ, ಎರಡು ಕಿರಣಗಳ ದಾರಿಯಲ್ಲಿ ವ್ಯತ್ಯಾಸವೇ ಇಲ್ಲ, ಹಾಗಾದರೆ ಅಲ್ಲಿ ಬೆಳಕಿರಬೇಕಲ್ಲ, ಕಪ್ಪು ಏಕೆ ಎಂದು ಇಂಥದೊಂದು ಗುಂಪು ಕೇಳಿದಾಗ ಭೌತಶಾಸ್ತ್ರದ ಸರ್ ಕುರ್ಚಿಯಿಂದ ಎದ್ದು ನಿಂತು ಬೋರ್ಡಿಗೆ ಹೋದರು. ಗಾಳಿಯಿಂದ ಗಾಜಿಗೆ ಬಡಿದು ಮರಳುವ ಅಲೆ ತಲೆಕೆಳಗಾಗಿ ಮರಳುತ್ತದೆ ಎಂಬುದು ಆ ದಿನ ಆ ನಾಲ್ವರಿಗೆ ಮಾತ್ರವಲ್ಲ, ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಿದ್ದ ಕನ್ನಡ ಮೇಷ್ಟ್ರಿಗೂ ತಿಳಿಯಿತು.

ಲೈಬ್ರರಿಯ ಬಗ್ಗೆ ಹೇಳಲೇಬೇಕು. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಸಿಲಬಸ್ ಹೀಗೆ ಎರಡು ಸಲ ಬದಲಾದಾಗ ಸೀನಿಯರ್‌ಗಳ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಎರಡೂ ಬಹುಮಟ್ಟಿಗೆ ಕೈಬಿಟ್ಟವು. ಗೈಡು ನಂಬಿಕೊಂಡವರು ಪರದಾಡಿದರು. ಆದರೆ ಪಠ್ಯಗ್ರಂಥಗಳು ಎಲ್ಲಿಗೂ ಹೋಗಲಿಲ್ಲ. ವೋಗೆಲ್ ಅವರ ವಿಶ್ಲೇಷಣಾ ರಸಾಯನಶಾಸ್ತ್ರ, ಅಜಯ್ ಘಟಕ್ ಅವರ 'ಆಪ್ಟಿಕ್ಸ್', ಮಾರಿಸನ್ ಮತ್ತು ಬಾಯ್ಡ್ ಅವರ ಸಾವಯವ ರಸಾಯನಶಾಸ್ತ್ರ, ಇವಕ್ಕೆ ಸೆಮಿಸ್ಟರಿನ ಹಂಗಿಲ್ಲ. ಬುಕ್ ಬ್ಯಾಂಕಿನಲ್ಲಿ ಇಂಥ ಪುಸ್ತಕಗಳು ಧೂಳು ಹಿಡಿದು ಕೂತಿರುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ದಪ್ಪ ಪುಸ್ತಕ ನೋಡಿ ಹೆದರಬೇಡಿ, ಪೂರ್ತಿ ಓದಿ ಎಂದು ಯಾರೂ ಹೇಳುತ್ತಿಲ್ಲ. ಹಿಂದಿನ ಪುಟದ ವಿಷಯಸೂಚಿಯಲ್ಲಿ ನಿಮ್ಮ ಪದ ಹುಡುಕಿ, ಆ ಎರಡು ಪುಟ ಓದಿ ಇಟ್ಟುಬಿಡಿ.

ಕಾಲೇಜಿನ ಗೋಡೆಯಾಚೆ ಇರುವ ನೆರವು ನಮ್ಮ ಮಕ್ಕಳಿಗೆ ತಲುಪುವುದೇ ಅಪರೂಪ, ಏಕೆಂದರೆ ಹೇಳುವವರಿಲ್ಲ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಿಂದ ನಡೆಸುತ್ತಿರುವ ಎನ್‌ಪಿಟಿಇಎಲ್‌ನ ಪಾಠಗಳನ್ನು ದುಡ್ಡಿಲ್ಲದೆ ನೋಡಬಹುದು. ಸಿ. ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ 1996ರ ಜನವರಿಯಿಂದ 'ರೆಸೊನೆನ್ಸ್' ಎಂಬ ಮಾಸಪತ್ರಿಕೆ ತರುತ್ತಿದೆ. ಅದು ಪದವಿ ವಿದ್ಯಾರ್ಥಿಗಳಿಗಾಗಿಯೇ ಇರುವುದು, ಹಳೆಯ ಸಂಚಿಕೆಗಳೂ ಅಂತರ್ಜಾಲದಲ್ಲಿ ಉಚಿತ. ತರಗತಿಯಲ್ಲಿ ಹುಟ್ಟುವ ಪ್ರಶ್ನೆಗಳಿಗೆಂದೇ ಅದರಲ್ಲಿ ಒಂದು ವಿಭಾಗವಿದೆ. ಬೆಂಗಳೂರಿನಲ್ಲಿ ಓದುವವರಿಗೆ ಜವಾಹರಲಾಲ್ ನೆಹರು ತಾರಾಲಯ ಬಿಎಸ್‌ಸಿ ವಿದ್ಯಾರ್ಥಿಗಳಿಗಾಗಿ ನಡೆಸುವ 'ರೀಪ್' ತರಗತಿಗಳಿವೆ. ಗಣಿತದವರಿಗೆ 1993ರಿಂದ ಬೇಸಿಗೆಯಲ್ಲಿ ಎಂಟಿಟಿಎಸ್ ಶಿಬಿರ ನಡೆಯುತ್ತದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ಪಿನಲ್ಲಿ ಆಯ್ಕೆಯಾದರೆ ಎರಡು ತಿಂಗಳು ಒಬ್ಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡಬಹುದು, ವೇತನವೂ ಇರುತ್ತದೆ.

ಆ ಫೆಲೋಶಿಪ್ಪಿನ ಅರ್ಜಿಗೆ ಅಧ್ಯಾಪಕರ ಶಿಫಾರಸು ಪತ್ರ ಬೇಕು. ಇಲ್ಲಿಯೇ ನೆರವಿನ ಮಾತು ಮತ್ತೆ ಹೊಸ್ತಿಲಿಗೆ ಬರುತ್ತದೆ. ಮೂರು ವರ್ಷ ಒಂದೂ ಪ್ರಶ್ನೆ ಕೇಳದೆ ಹೋದ ವಿದ್ಯಾರ್ಥಿ ಬಂದು ಪತ್ರ ಕೇಳಿದರೆ ನಾನು ಏನು ಬರೆಯಲಿ? ಶಿಸ್ತಿನ ವಿದ್ಯಾರ್ಥಿ, ಹಾಜರಾತಿ ಚೆನ್ನಾಗಿದೆ ಎಂದಷ್ಟೇ. ಪರ್ಮಾಂಗನೇಟಿನ ಮೊದಲ ಹನಿಯ ಬಗ್ಗೆ ಕೇಳಿದವಳಿಗೆ ಬರೆಯುವಾಗ ಪತ್ರ ತಾನೇ ಮುಂದೆ ಸಾಗಿತು. ಅವಳೇನು ಕೇಳಿದಳು, ಎರಡು ಫ್ಲಾಸ್ಕಿನಲ್ಲಿ ಏನು ಮಾಡಿದಳು, ಅದರಿಂದ ಏನು ತೀರ್ಮಾನಕ್ಕೆ ಬಂದಳು, ಮರುದಿನ ಯಾವ ಪ್ರಶ್ನೆ ತಂದಳು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದೆ.

ಎಚ್. ನರಸಿಂಹಯ್ಯನವರನ್ನು ಇಲ್ಲಿ ನೆನೆಯಬೇಕು ಅನ್ನಿಸುತ್ತದೆ. ಗೌರಿಬಿದನೂರಿನ ಕಡೆಯ ಹೊಸೂರಿನ ಬಡ ಮನೆಯಿಂದ ಬಂದು, ಭೌತಶಾಸ್ತ್ರದ ಮೇಷ್ಟ್ರಾಗಿ, ಬಸವನಗುಡಿ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬೆಳೆದ ಅವರು ಮನೆ ಮಾಡಲಿಲ್ಲ. ಕಾಲೇಜಿನ ಹಾಸ್ಟೆಲಿನ ಕೋಣೆಯೊಂದರಲ್ಲೇ ದಶಕಗಳ ಕಾಲ ವಿದ್ಯಾರ್ಥಿಗಳ ನಡುವೆ ಬದುಕಿದರು. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆಯಲ್ಲಿ ದೊಡ್ಡ ವಿಜ್ಞಾನಿಗಳ ಉಪನ್ಯಾಸವನ್ನು ಯಾರು ಬೇಕಾದರೂ ಬಂದು ಕೇಳಬಹುದಿತ್ತು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಎಂಬುದನ್ನು ಅವರು ಜೀವಮಾನವಿಡೀ ಹೇಳುತ್ತ ಬಂದರು. ಮಕ್ಕಳಿಗೆ ಹತ್ತಿರವಿರಬೇಕೆಂದು ಹಾಸ್ಟೆಲಿನಲ್ಲೇ ಇರಬೇಕು ಎಂದು ನಾನು ಯಾರಿಗೂ ಹೇಳಲಾರೆ. ಆದರೆ ಬಾಗಿಲ ಬಳಿ ನಿಂತ ಹುಡುಗನನ್ನು "ಅಷ್ಟೂ ಗೊತ್ತಿಲ್ವಾ? ಪಿಯುಸಿಲಿ ಏನ್ ಓದಿದೆ?" ಎಂದು ನಾಲ್ಕು ಜನರೆದುರು ಕೇಳುವ ಅಧ್ಯಾಪಕರೂ ಇದ್ದಾರೆ. ಆ ಒಂದು ಮಾತು ಕೇಳಿದ ಹುಡುಗ ಮಾತ್ರವಲ್ಲ, ಅವನ ಹಿಂದೆ ನಿಂತವರೂ ಮತ್ತೆ ಬರುವುದಿಲ್ಲ. ಮಕ್ಕಳಿಗೆ ಕೇಳಿ ಎಂದು ಉಪದೇಶಿಸುವ ಮೊದಲು ನಾವು ಈ ಮಾತನ್ನು ಬಿಡಬೇಕು.

ಇನ್ನೊಂದು ಕಡೆ, ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾಗ ನಡೆಯುವುದು ಅತಿಥಿ ಉಪನ್ಯಾಸಕರಿಂದ. ಅವರಲ್ಲಿ ಅತ್ಯಂತ ಒಳ್ಳೆಯ ಮೇಷ್ಟ್ರುಗಳಿದ್ದಾರೆ. ನಮ್ಮ ವಿಭಾಗದಲ್ಲಿ ಮಕ್ಕಳು ಮೊದಲು ಹುಡುಕಿಕೊಂಡು ಹೋಗುವುದು ಅವರಲ್ಲೊಬ್ಬರನ್ನೇ. ಆದರೆ ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂಬ ಖಾತ್ರಿ ಇಲ್ಲದ, ಕೂರಲು ಸ್ವಂತ ಮೇಜಿಲ್ಲದ ಮನುಷ್ಯನಿಂದ ಪಾಠದಾಚೆಯ ಗಂಟೆಯನ್ನೂ ಕೇಳುವುದು ನ್ಯಾಯವಲ್ಲ. ಮಕ್ಕಳ ಸಂದೇಹ ಬಿಡಿಸುವ ಅವಧಿಯನ್ನು ಥಿಯರಿ, ಪ್ರಾಕ್ಟಿಕಲ್ಲಿನ ಹಾಗೆ ವರ್ಕ್‌ಲೋಡಿನಲ್ಲಿ ಎಣಿಸಬೇಕು, ಅದಕ್ಕೂ ಸಂಬಳ ಸಿಗಬೇಕು. ಆ ಅವಧಿ ಬಸ್ಸು ಹೊರಡುವ ಮೊದಲು, ಹಗಲಿನಲ್ಲಿ ಇರಬೇಕು. ಯಾರ ಹೆಸರನ್ನೂ ಪಟ್ಟಿ ಮಾಡದೆ ಎಲ್ಲರಿಗೂ ತೆರೆದಿರಬೇಕು. ನಮ್ಮ ವಿಭಾಗದ ಮಟ್ಟಿಗೆ ಬುಧವಾರ ಮಧ್ಯಾಹ್ನ ಎರಡು ಗಂಟೆಯ ಅವಧಿಯನ್ನು ಹಾಗೆ ಇಟ್ಟಿದ್ದೇವೆ. ಸ್ಟಾಫ್ ರೂಮಿನಲ್ಲಲ್ಲ, ಲ್ಯಾಬಿನಲ್ಲಿ, ಅಣ್ಣನೂ ಇರುತ್ತಾರೆ. ಈ ಸೆಮಿಸ್ಟರಿನಿಂದ ಭೌತಶಾಸ್ತ್ರದವರೂ ಸೇರುತ್ತೇವೆ ಎಂದಿದ್ದಾರೆ.